ಹಸಿರು ದಿನಕ್ಕೆ ಯಾರು ಬರುತ್ತೀರಿ

ಸಂಶಿ
30 ಜೂನ್ 2025

ಶ್ರೀ ಹೇಮಂತ ಅವರಿಗೆ,

ನಮಸ್ಕಾರ. ನಾನು ನಿಮ್ಮ ಮಗಳು ಭೂಮಿಕಾಳ ಯುಕೆಜಿ ತರಗತಿಯ ಶಿಕ್ಷಕಿ. ಈ ವರ್ಷವೇ ಅಣ್ಣಿಗೇರಿಯಿಂದ ಬಂದು ಇಲ್ಲಿ ಸೇರಿಕೊಂಡಿದ್ದೇನೆ, ಹಾಗಾಗಿ ನಿಮ್ಮ ಪರಿಚಯವಿಲ್ಲ.

ಕಳೆದ ಶುಕ್ರವಾರ ನಮ್ಮ ಶಾಲೆಯಲ್ಲಿ ಕೆಂಪು ದಿನ ಇತ್ತು. ಚಿಕ್ಕ ಮಕ್ಕಳಿಗೆ ಬಣ್ಣಗಳ ಗುರುತು ಸಿಗಲಿ ಎಂದು ತಿಂಗಳಿಗೊಂದು ಬಣ್ಣದ ದಿನ ಮಾಡುತ್ತೇವೆ. ಆ ದಿನ ಎಲ್ಲ ಮಕ್ಕಳೂ ಅದೇ ಬಣ್ಣದ ಬಟ್ಟೆ ಹಾಕಿಕೊಂಡು ಬರಬೇಕು. ಪಾಲಕರ ವಾಟ್ಸ್ಯಾಪ್ ಗ್ರೂಪಿನಲ್ಲಿ ಮತ್ತೆ ಮತ್ತೆ ಹಾಕಿದ್ದೆ. ನಿಮ್ಮ ನಂಬರಿನಲ್ಲಿ ಅದನ್ನು ನೋಡಿದ ಗುರುತೂ ಬಂದಿದೆ. ಆದರೂ ಭೂಮಿಕಾ ಯೂನಿಫಾರ್ಮಿನಲ್ಲೇ ಬಂದಳು. ಇಡೀ ತರಗತಿ ಮೆಣಸಿನಕಾಯಿ ಕಣದ ಹಾಗೆ ಕೆಂಪಗಿತ್ತು, ಇವಳೊಬ್ಬಳು ನೀಲಿ. ಫೋಟೋ ತೆಗೆಯುವಾಗ ತಾನಾಗಿಯೇ ಹೋಗಿ ಹಿಂದೆ ನಿಂತಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವುದು ನನಗೆ ಸುಲಭವಾಗುತ್ತಿತ್ತು.

ದುಡಿಯುವವರಿಗೆ ಇದೆಲ್ಲ ಸಣ್ಣ ಮಾತು ಎನಿಸಬಹುದು, ಮಗುವಿಗೆ ಸಣ್ಣದಲ್ಲ. ಜುಲೈ 18ಕ್ಕೆ ಹಳದಿ ದಿನ ಇದೆ. ಈ ಸಲವಾದರೂ ಸ್ವಲ್ಪ ಗಮನ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಫೋನಿನಲ್ಲಿ ಹೇಳಿದ್ದು ನಾಟಲಿಲ್ಲವೆಂದು ಕಾಗದ ಬರೆದು ಅವಳ ಬ್ಯಾಗಿನಲ್ಲಿ ಇಟ್ಟಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಶೈಲಾ

*

ಕುಬಿಹಾಳ
1 ಜುಲೈ 2025

ಟೀಚರ್ ಅವರಿಗೆ ಭೂಮಿಕಾಳ ತಾಯಿ ರೋಹಿಣಿಯ ನಮಸ್ಕಾರಗಳು.

ನಿಮ್ಮ ಕಾಗದ ಮುಟ್ಟಿತು, ಆದರೆ ಯಾರ ಹೆಸರಿಗೆ ಬರೆದಿದ್ದೀರೋ ಅವರಿಗೆ ಮುಟ್ಟುವ ಹಾಗಿಲ್ಲ. ಭೂಮಿಕಾಳ ಅಪ್ಪ ಏಪ್ರಿಲ್‌ನಲ್ಲಿ ತೀರಿಕೊಂಡರು. ಹೊಲದಿಂದ ಬಂದವರು ಎದೆ ನೋಯುತ್ತದೆ ಎಂದರು. ಕುಂದಗೋಳ ಮುಟ್ಟುವುದರೊಳಗೆ ಮುಗಿದುಹೋಗಿತ್ತು. ಮಗಳನ್ನು ನಿಮ್ಮ ಶಾಲೆಗೆ ಹಚ್ಚಿ ಬಂದದ್ದು ಅದಕ್ಕೂ ಮೊದಲು. ಹಾಗಾಗಿ ನಿಮ್ಮಲ್ಲಿ ಅವರು ಇನ್ನೂ ಇದ್ದಾರೆ.

ಅವರ ಫೋನು ಈಗ ನನ್ನ ಮೈದುನನ ಹತ್ತಿರ ಇದೆ. ಅವನು ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ಕೆಲಸ ಮಾಡುತ್ತಾನೆ. ಕೆಂಪು ದಿನದ ಸುದ್ದಿ ನೋಡಿದವನು ಅವನೇ ಇರಬೇಕು. ಅವನನ್ನು ಬೈದು ಉಪಯೋಗವಿಲ್ಲ, ಕೈಗೆಲ್ಲ ಗ್ರೀಸು ಮೆತ್ತಿಕೊಂಡವನಿಗೆ ಫ್ರಾಕಿನ ಚಿಂತೆ ಎಲ್ಲಿಂದ ಬರಬೇಕು. ಮನೆಯಲ್ಲಿರುವುದು ಗುಂಡಿ ಒತ್ತುವ ಫೋನು, ಅದಕ್ಕೆ ಅತ್ತೆ ರೇವವ್ವನವರ ಕಾವಲು. ಇನ್ನು ಮುಂದೆ ಏನಿದ್ದರೂ ಹೀಗೆಯೇ ಬರೆದು ಬ್ಯಾಗಿನಲ್ಲಿ ಇಡಿ. ಪಿಯುಸಿ ತನಕ ಓದಿದ್ದೇನೆ. ಫೋನಿನಲ್ಲಿ ಮಾತಾಡಲು ಹೋದರೆ ಈಗೀಗ ಅರ್ಧಕ್ಕೇ ಇಟ್ಟುಬಿಡುತ್ತೇನೆ, ಬರೆಯುವಾಗ ಹಾಗಾಗುವುದಿಲ್ಲ.

ಹಿಂದೆ ಹೋಗಿ ನಿಂತಳು ಎಂದು ಓದಿ ಬಹಳ ಸಂಕಟವಾಯಿತು. ಮನೆಗೆ ಬಂದು ಆ ಮಾತನ್ನೇ ಎತ್ತಿಲ್ಲ ಅವಳು. ಗೊತ್ತಿದ್ದರೆ ಕೆಂಪು ಹಾಕಿಯೇ ಕಳಿಸುತ್ತಿದ್ದೆ.

ಇಂತಿ,
ರೋಹಿಣಿ

*

ಸಂಶಿ
2 ಜುಲೈ 2025

ರೋಹಿಣಿಯವರಿಗೆ,

ನಿನ್ನೆಯಿಂದ ನನಗೆ ಊಟ ರುಚಿಸಿಲ್ಲ. ದಯವಿಟ್ಟು ಕ್ಷಮಿಸಿ. ಯಾರನ್ನೂ ವಿಚಾರಿಸದೆ, ಇಲ್ಲದವರಿಗೆ ಬುದ್ಧಿ ಹೇಳಿ ಕಾಗದ ಬರೆದೆನಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ, ನನ್ನದು ಬರೆದರೂ ಬಣ್ಣಗೇಡು.

ಗ್ರೂಪಿನಿಂದ ಅವರ ನಂಬರು ತೆಗೆಯಲು ಹೋದೆ. ಹೇಮಂತ ಅವರನ್ನು ತೆಗೆದುಹಾಕಬೇಕೇ ಎಂದು ಫೋನು ಕೇಳಿತು. ಹೌದು ಎನ್ನಲು ಬೆರಳು ಬರಲಿಲ್ಲ. ನೀವು ಹೇಳಿದಂತೆ ಮಾಡುತ್ತೇನೆ.

ಶೈಲಾ

*

ಕುಬಿಹಾಳ
4 ಜುಲೈ 2025

ಟೀಚರ್ ಅವರಿಗೆ,

ನಂಬರು ಇರಲಿ ಬಿಡಿ. ಮಗಳು ಯಾವ ದಿನ ಯಾವ ಬಣ್ಣ ಹಾಕುತ್ತಾಳೆಂದು ಅವರ ಹೆಸರಿಗೂ ಒಂದು ಸುದ್ದಿ ಹೋಗಲಿ. ನೀವು ಊಟ ಬಿಟ್ಟರೆ ನನಗೇನೂ ಲಾಭವಿಲ್ಲ, ಉಣ್ಣಿರಿ.

ಹಳದಿ ಫ್ರಾಕು ಹೊಲಿಯಲು ಕೂತಿದ್ದೇನೆ. ಭೂಮಿಕಾ ಹೊಟ್ಟೆಯಲ್ಲಿದ್ದಾಗ ನನ್ನ ಸೀಮಂತಕ್ಕೆ ತವರಿನಿಂದ ಬಂದ ಹಳದಿ ಖಣ ಒಂದು ಹಾಗೇ ಉಳಿದಿತ್ತು. ರವಿಕೆ ಹೊಲಿಸಿಕೊಳ್ಳಬೇಕೆಂದು ಇಟ್ಟದ್ದು. ಈಗ ಅವಳಿಗೇ ಆಗುತ್ತದೆ. ಓಣಿಯವರ ರವಿಕೆ ಹೊಲಿದುಕೊಡುವ ಮಶಿನ್ನು ಇದೆ, ಆದರೆ ಏಪ್ರಿಲ್ ನಂತರ ಅದನ್ನು ಮುಟ್ಟಿರಲಿಲ್ಲ. ಇವತ್ತು ಎಣ್ಣೆ ಬಿಟ್ಟು ತುಳಿದೆ. ಭೂಮಿಕಾ ಮಗ್ಗುಲಲ್ಲೇ ಕೂತು, ಜೇಬು ಇಡು, ಜೇಬು ಇಡು ಎಂದು ಜೀವ ತಿನ್ನುತ್ತಿದ್ದಾಳೆ. ಏನು ಇಟ್ಟುಕೊಳ್ಳುತ್ತೀ ಎಂದರೆ ಅದನ್ನು ಹೇಳುವುದಿಲ್ಲವಂತೆ.

ಇಂತಿ,
ರೋಹಿಣಿ

*

ಸಂಶಿ
18 ಜುಲೈ 2025

ರೋಹಿಣಿಯವರಿಗೆ,

ಈ ಕಾಗದವನ್ನು ಸಂತೋಷದಿಂದ ಬರೆಯುತ್ತಿದ್ದೇನೆ. ನಿಮ್ಮ ಹಳದಿ ಫ್ರಾಕು ಶಾಲೆಯ ತುಂಬ ತಿರುಗಾಡಿತು. ಅಂಗಡಿಯ ಬಟ್ಟೆಗಳ ನಡುವೆ ಆ ಖಣದ ಅಂಚು ಎದ್ದು ಕಾಣುತ್ತಿತ್ತು. ಎಲ್ಲಿ ಹೊಲಿಸಿದ್ದು ಎಂದು ಇಬ್ಬರು ತಾಯಂದಿರು ಕೇಳಿದರು. ಭೂಮಿಕಾ ಸೊಂಟದ ಮೇಲೆ ಕೈಯಿಟ್ಟು, "ನಮ್ಮವ್ವನ ಮಶಿನ್ಯಾಗ" ಎಂದಳು. ಅವಳಿಂದ ಅಷ್ಟು ಜೋರು ದನಿ ನಾನು ಕೇಳಿದ್ದು ಇದೇ ಮೊದಲು. ಫೋಟೋದಲ್ಲಿ ಈ ಸಲ ಮುಂದಿನ ಸಾಲು, ನಟ್ಟನಡುವೆ.

ಜೇಬಿನಲ್ಲಿ ಏನಿತ್ತು ಎಂದು ನನಗೂ ತೋರಿಸಲಿಲ್ಲ.

ಶೈಲಾ

*

ಸಂಶಿ
4 ಆಗಸ್ಟ್ 2025

ರೋಹಿಣಿಯವರಿಗೆ,

ಪಂಚಮಿ ಮುಗಿಯಿತು, ರಜೆಯ ನಂತರ ಮಕ್ಕಳು ಉಂಡಿ ತಿಂದು ದುಂಡಗಾಗಿ ಬಂದಿದ್ದಾರೆ. ಈಗ ದೊಡ್ಡ ಸುದ್ದಿ. ಆಗಸ್ಟ್ 20, ಬುಧವಾರ ಹಸಿರು ದಿನ. ಶ್ರಾವಣವಲ್ಲವೇ, ಅದಕ್ಕೆ ಈ ಸಲ ತಾಯಂದಿರನ್ನೂ ಕರೆಯುತ್ತೇವೆ. ಹಸಿರು ಸೀರೆ ಉಟ್ಟು, ಹಸಿರು ಬಳೆ ಇಟ್ಟುಕೊಂಡು ಬರಬೇಕು. ಒಬ್ಬೊಬ್ಬ ತಾಯಿಯೂ ತನ್ನ ಮಗುವಿನ ಕೈ ಹಿಡಿದು ವೇದಿಕೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯುವುದು. ಕೊನೆಗೆ ಎಲ್ಲರದೂ ಸೇರಿ ಒಂದು ಫೋಟೋ. ಅದು ದೊಡ್ಡದಾಗಿ ಶಾಲೆಯ ಗೇಟಿನ ಬಳಿ ಬರುತ್ತದೆ.

ಇದರ ಜೊತೆ ಅಚ್ಚಾದ ಸೂಚನೆಯನ್ನೂ ಇಟ್ಟಿದ್ದೇನೆ. ಹಸಿರು ದಿನಕ್ಕೆ ಯಾರು ಬರುತ್ತೀರಿ ಎಂದು ಕೆಳಗೆ ಬರೆದು ಕಳಿಸಬೇಕು. ನಿಮ್ಮ ಹೆಸರನ್ನು ನಾನಾಗಲೇ ಮನಸ್ಸಿನಲ್ಲಿ ಬರೆದುಕೊಂಡಿದ್ದೇನೆ. ಆ ಫ್ರಾಕು ಹೊಲಿದ ಕೈಯನ್ನು ನೋಡಲೇಬೇಕು.

ಶೈಲಾ

*

ಕುಬಿಹಾಳ
5 ಆಗಸ್ಟ್ 2025

ಟೀಚರ್ ಅವರಿಗೆ,

ಭೂಮಿಕಾಳಿಗೆ ಹಸಿರು ಹಾಕಿ ಕಳಿಸುತ್ತೇನೆ. ನನಗೆ ಬರಲಾಗುವುದಿಲ್ಲ. ಹೊಲದಲ್ಲಿ ಹೆಸರುಕಾಯಿ ಬಿಡಿಸುವುದಿದೆ.

ರೋಹಿಣಿ

*

ಸಂಶಿ
6 ಆಗಸ್ಟ್ 2025

ರೋಹಿಣಿಯವರಿಗೆ,

ಹೆಸರು ಎಲ್ಲಿಗೂ ಓಡಿಹೋಗುವುದಿಲ್ಲ. ಒಂದು ತಾಸಿನ ಮಾತು. ಶಾಲೆಯ ವ್ಯಾನಿನಲ್ಲೇ ಭೂಮಿಕಾಳ ಜೊತೆ ಬಂದುಬಿಡಿ, ಡ್ರೈವರ್ ಮಡಿವಾಳೆಪ್ಪನಿಗೆ ನಾನು ಹೇಳುತ್ತೇನೆ. ನೀವು ಬರುತ್ತೀರೆಂದು ಅವಳು ತರಗತಿಗೆಲ್ಲ ಸಾರಿಬಿಟ್ಟಿದ್ದಾಳೆ. ನಮ್ಮವ್ವನ ಹತ್ತಿರ ಜರಿ ಅಂಚಿನ ಹಸಿರು ಸೀರೆ ಇದೆ, ಟ್ರಂಕಿನಲ್ಲಿದೆ, ಅದನ್ನೇ ಉಡುತ್ತಾಳೆ ಎಂದು ನನಗೂ ಹೇಳಿದಳು. ಎಲ್ಲ ಮಕ್ಕಳೂ ಅವ್ವನ ಜೊತೆ ನಡೆಯುವಾಗ ಇವಳೊಬ್ಬಳೇ ನಡೆಯಬೇಕೇ? ಇಲ್ಲ ಎನ್ನಬೇಡಿ.

ಶೈಲಾ

*

ಕುಬಿಹಾಳ
8 ಆಗಸ್ಟ್ 2025

ಟೀಚರ್ ಅವರಿಗೆ,

ಹೆಸರು ಬಿಡಿಸುವುದು ಪಂಚಮಿಯ ಬೆನ್ನಿಗೇ ಮುಗಿದಿದೆ. ಸುಳ್ಳು ಬರೆದೆ. ನೀವು ಬಿಡುವ ಪೈಕಿ ಅಲ್ಲ, ಹಾಗಾಗಿ ನಿಜವನ್ನೇ ಬರೆಯುತ್ತೇನೆ.

ನಿಮಗೆ ಹಸಿರು ಎಂದರೆ ಎಲೆಯ ಬಣ್ಣ ನೆನಪಾಗಿರಬೇಕು. ನಮ್ಮ ಓಣಿಯಲ್ಲಿ ಹಸಿರು ಸೀರೆ, ಹಸಿರು ಬಳೆ ಎಂದರೆ ಗಂಡನಿದ್ದವಳ ಗುರುತು. ಅಣ್ಣಿಗೇರಿಯಲ್ಲೂ ಬೇರೆ ಇರಲಿಕ್ಕಿಲ್ಲ. ಏಪ್ರಿಲ್‌ನಲ್ಲಿ, ಮಣ್ಣಿಗೆ ಒಯ್ಯುವ ಮೊದಲು ಅವರನ್ನು ಅಂಗಳದಲ್ಲಿ ಕೂರಿಸಿದ್ದಾಗ ನನ್ನ ಕೈಯ ಬಳೆ ಒಡೆದರು. ಒಡೆದವರು ನನ್ನ ಅತ್ತೆಯೇ. ಬೇರೆಯವರು ಮುಂದೆ ಬಂದರೆ, ಬೇಡ, ಅವರು ಜೋರಾಗಿ ಬಡಿಯುತ್ತಾರೆ, ಕೈಗೆ ಹತ್ತುತ್ತದೆ ಎಂದು ತಾವೇ ಕೂತರು. ಅವರಿಗೂ ಹೀಗೆಯೇ ಆಗಿದೆ. ನನ್ನ ಗಂಡ ಬಾಲವಾಡಿಗೆ ಹೋಗುವಾಗ ಮಾವ ತೀರಿಕೊಂಡರಂತೆ. ಅಂದಿನಿಂದ ಅತ್ತೆ ಬಿಳಿ ಸೀರೆ. ಯಾರ ಮದುವೆಯಲ್ಲೂ ಮುಂದೆ ನಿಂತವರಲ್ಲ. ನಮ್ಮ ಮದುವೆಯಲ್ಲಿ ಅಕ್ಕಿಕಾಳು ಹಾಕುವಾಗಲೂ ಒಳಗೆ ಅಡಿಗೆ ಮನೆಯಲ್ಲಿದ್ದರು.

ಪಂಚಮಿಗೆ ಬಳೆ ಇಡುವ ಮುಸರತ್ ಓಣಿಗೆ ಬಂದಿದ್ದಳು. ಭೂಮಿಕಾಳ ಕೈಗೆ ಡಜನ್ನುಗಟ್ಟಲೆ ಹಸಿರು ಬಳೆ ಇಡಿಸಿದೆವು. ನಾನು ಒಳಗೆ ಹೋಗಿ ಹಿಟ್ಟು ನಾದಿದೆ.

ನನಗೆ ಬರಲು ಮನಸ್ಸಿಲ್ಲ ಎಂದು ತಿಳಿಯಬೇಡಿ. ಮನಸ್ಸಿದೆ. ಆ ಸೀರೆ ಅವರು ಹೋದ ವರ್ಷ ಹುಬ್ಬಳ್ಳಿಯಿಂದ ತಂದದ್ದು, ಒಂದೇ ಸಲ ಉಟ್ಟಿದ್ದೇನೆ. ನಿಮ್ಮ ಕಾಗದ ಓದಿದ ದಿನ ಟ್ರಂಕು ತೆಗೆದು ಅದನ್ನು ಮೂಸಿ ನೋಡಿ ಮತ್ತೆ ಮುಚ್ಚಿದೆ. ಮನಸ್ಸಿಲ್ಲದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ರೋಹಿಣಿ

*

ಸಂಶಿ
11 ಆಗಸ್ಟ್ 2025

ರೋಹಿಣಿಯವರೇ,

ನಿಮ್ಮ ಕಾಗದ ಓದಿ ಶಾಲೆಯ ಹಿಂದಿನ ಕಟ್ಟೆಯ ಮೇಲೆ ಕೂತು ಅತ್ತೆ. ನನಗೆ ಗೊತ್ತಿರದ ಮಾತೇ ಅಲ್ಲ ಇದು. ಬೇಗ ಕಂಕಣಬಲ ಕೂಡಿಬರಲಿ ಎಂದು ನಮ್ಮವ್ವ ಶ್ರಾವಣ ಬಂದರೆ ಸಾಕು ನನ್ನ ಕೈಗೆ ಹಸಿರು ಬಳೆ ತುರುಕುತ್ತಾಳೆ. ಸಾಕು ಮಾರಾಯ್ತಿ ಎಂದು ನಗುತ್ತೇನೆ. ನಗುವವರಿಗೆ ಇನ್ನೊಬ್ಬರ ಬರಿಗೈ ಕಾಣುವುದಿಲ್ಲ. ಸೂಚನೆಯ ಮಾತುಗಳನ್ನು ಹೋದ ವರ್ಷದ್ದರಿಂದ ಹಾಗೇ ಇಳಿಸಿಕೊಂಡೆ, ಓದಿ ನೋಡಲಿಲ್ಲ.

ಮುಖ್ಯೋಪಾಧ್ಯಾಯರಾದ ಸಂಗನಬಸವ ಸರ್ ಹತ್ತಿರ ಹೋಗಿ, ತಾಯಂದಿರು ಯಾವ ಬಣ್ಣವನ್ನಾದರೂ ಉಡಲಿ, ಬಳೆಯ ಮಾತು ತೆಗೆಯೋಣ ಎಂದು ಕೇಳಿದೆ. ಅವರು ಕೆಟ್ಟವರಲ್ಲ. ಆದರೆ ಸೂಚನೆ ಎಲ್ಲ ಮನೆಗೂ ಮುಟ್ಟಿದೆ, ಹೊಸ ಸೀರೆ ಕೊಂಡವರೂ ಇದ್ದಾರೆ, ಈಗ ಬದಲಿಸಿದರೆ ಯಾಕೆ ಎಂದು ಎಲ್ಲರೂ ಕೇಳುತ್ತಾರೆ ಎಂದರು. ಆ ತಾಯಿಗೆ ಬಾಜುಕ್ಕೆ ಒಂದು ಖುರ್ಚಿ ಹಾಕಿಸೋಣ, ಕೂತು ನೋಡಲಿ ಎಂದೂ ಹೇಳಿದರು. ನನಗೆ ಸಿಟ್ಟು ಬಂತು, ಎದುರು ಮಾತಾಡುವ ಧೈರ್ಯ ಬರಲಿಲ್ಲ.

ನೀವು ಯಾವ ಬಣ್ಣ ಉಟ್ಟು ಬಂದರೂ ನಾನು ನಿಮ್ಮ ಬಾಜು ನಿಲ್ಲುತ್ತೇನೆ. ಇಷ್ಟು ಮಾತ್ರ ನನ್ನ ಕೈಯಲ್ಲಿದೆ.

ಶೈಲಾ

*

ಕುಬಿಹಾಳ
12 ಆಗಸ್ಟ್ 2025

ಟೀಚರ್ ಅವರಿಗೆ,

ನೀವು ಕೇಳಿದಿರಲ್ಲ, ಅದು ದೊಡ್ಡದು. ಸರ್ ಬದಲಿಸದೇ ಇದ್ದದ್ದೂ ಒಳ್ಳೆಯದೇ ಆಯಿತು. ನನ್ನ ಸಲುವಾಗಿ ಊರ ಹೆಂಗಸರ ಹೊಸ ಸೀರೆ ಟ್ರಂಕು ಸೇರಿದರೆ ಅದೊಂದು ಹೊಸ ಮಾತು ಹುಟ್ಟುತ್ತದೆ. ಊರ ಬಾಯಿಗೆ ಮುಚ್ಚಳವಿಲ್ಲ. ಬಾಜುಕ್ಕಿನ ಖುರ್ಚಿ ಮಾತ್ರ ಬೇಡ. ಅಂಥ ಖುರ್ಚಿ ನನಗೆ ಮನೆಯಲ್ಲೂ ಇದೆ.

ಭೂಮಿಕಾ ಅತ್ತೆಯ ಮುಂದೆ ಎಲ್ಲ ಹೇಳಿಬಿಟ್ಟಿದ್ದಾಳೆ. ಅತ್ತೆ ಕೇಳಿಸಿಕೊಂಡರು. ಹೋಗುವುದು ಬೇಡ ಎಂದರು, ಎದ್ದು ಎಮ್ಮೆಗೆ ಮೇವು ಹಾಕಲು ಹೋದರು. ಅವ್ವ ಯಾಕೆ ಹೋಗಬಾರದು ಎಂದು ಇವಳು ಬೆನ್ನು ಹತ್ತಿದಳು. ಪಪ್ಪಾ ಇಲ್ಲದವರು ಹಸಿರು ಇಡುವುದಿಲ್ಲ, ಅಷ್ಟೇ, ನಡಿ ಎಂದರಂತೆ. ಅಲ್ಲಿಗೆ ಅವಳು ಸುಮ್ಮನಾದಳು. ನಾನೂ ಸುಮ್ಮನಾಗಿದ್ದೇನೆ. ನೀವೂ ಆಗಿಬಿಡಿ.

ರೋಹಿಣಿ

*

ಸಂಶಿ
18 ಆಗಸ್ಟ್ 2025

ರೋಹಿಣಿಯವರೇ,

ಸುಮ್ಮನಾಗಬೇಕೆಂದೇ ಇದ್ದೆ, ಆದರೆ ಇದನ್ನು ನಿಮಗೆ ತಿಳಿಸದೆ ಇರಲಾರೆ.

ಇವತ್ತು ಭೂಮಿಕಾಳ ಕೈಗಳು ಬರಿದಾಗಿದ್ದವು. ನೋಡಿದರೆ ಅವಳ ಹಸಿರು ಬಳೆಗಳೆಲ್ಲ ಬಾಜು ಕೂರುವ ಹುಡುಗಿಯ ಕೈಯಲ್ಲಿ. ಕೊಟ್ಟುಬಿಟ್ಟೆ ಎಂದಳು. ಯಾಕೆ ಪುಟ್ಟಿ, ಬುಧವಾರ ಹಸಿರು ದಿನ ಅಲ್ಲವೇ ಎಂದು ಕೇಳಿದೆ.

"ನಮ್ಮ ಪಪ್ಪಾ ಇಲ್ಲಲ್ರಿ ಟೀಚರ್. ನನಗೂ ಇಲ್ಲ, ನಮ್ಮವ್ವಗೂ ಇಲ್ಲ. ಪಪ್ಪಾ ಇಲ್ಲದವ್ರು ಹಸರ ಇಡೂದಿಲ್ರಿ" ಎಂದಳು.

ಅಳುತ್ತಾ ಹೇಳಲಿಲ್ಲ. ಎರಡು ಮತ್ತು ಎರಡು ನಾಲ್ಕು ಎನ್ನುವಾಗ ಹೇಗೆ ಹೇಳುತ್ತಾಳೋ ಹಾಗೆ ಹೇಳಿದಳು. ಬುಧವಾರ ಯೂನಿಫಾರ್ಮ್ ಹಾಕಿ ಬರುತ್ತಾಳಂತೆ, ಫೋಟೋದಲ್ಲಿ ಹಿಂದೆ ನಿಲ್ಲುತ್ತಾಳಂತೆ. ಎತ್ತಿಕೊಂಡೆ, ಅಷ್ಟೇ. ಏನು ಹೇಳಬೇಕೆಂದು ನೀವೇ ತಿಳಿಸಿ.

ಶೈಲಾ

*

ಕುಬಿಹಾಳ
19 ಆಗಸ್ಟ್ 2025

ಟೀಚರ್ ಅವರಿಗೆ,

ನಿನ್ನೆ ಆದದ್ದನ್ನು ಬರೆಯುತ್ತೇನೆ. ನಡುವೆ ಅಕ್ಷರ ಅತ್ತಿತ್ತ ಆದರೆ ಓದಿಕೊಳ್ಳಿ.

ಭೂಮಿಕಾ ಮನೆಗೆ ಬಂದ ಕೂಡಲೇ ಅವಳ ಬರಿಗೈ ಮೊದಲು ಕಂಡದ್ದು ಅತ್ತೆಗೆ. ಕಳೆದುಕೊಂಡು ಬಂದಳೆಂದು ಬೈದರು. ನಾನು ಬ್ಯಾಗಿನಿಂದ ನಿಮ್ಮ ಕಾಗದ ತೆಗೆದದ್ದನ್ನು ನೋಡಿ, ಅಕ್ಕೋರು ಏನು ಬರೆದಿದ್ದಾರೆ, ಗಟ್ಟಿಯಾಗಿ ಓದು ಎಂದರು. ಬೇಡ ಅತ್ತೆ ಎಂದೆ. ಓದು ಎಂದರು. ಓದಿದೆ. ಮಗಳು ಹೇಳಿದ ಮಾತು ಬಂದಾಗ ಬಿಟ್ಟು ಮುಂದೆ ಹೋಗಲು ನೋಡಿದೆ, ಅದನ್ನೂ ಓದಿಸಿದರು.

ಆಮೇಲೆ ಭೂಮಿಕಾಳನ್ನು ಹತ್ತಿರ ಕರೆದು, ಮಕ್ಕಳಿಗೆ ಆ ಕಟ್ಟಳೆ ಇಲ್ಲ, ನೀನು ಬಳೆ ಇಟ್ಟುಕೋ ಎಂದು ರಮಿಸಿದರು. ಅವ್ವ ಇಟ್ಟುಕೊಂಡರೆ ನಾನೂ ಇಟ್ಟುಕೊಳ್ಳುತ್ತೇನೆ ಎಂದಳು ಇವಳು. ನಮ್ಮ ಮನೆತನದ ಹಟ, ಎಲ್ಲಿಗೆ ಹೋದೀತು. ಅತ್ತೆ ಎದ್ದು ಕಾಲಿಗೆ ಚಪ್ಪಲಿ ಕೂಡ ಮೆಟ್ಟದೆ ಹೊರಗೆ ಹೋದರು. ತಿರುಗಿ ಬಂದಾಗ ಹಿಂದೆ ಮುಸರತ್ ಇದ್ದಳು, ತಲೆಯ ಮೇಲೆ ಬಳೆಯ ಬುಟ್ಟಿ.

ಮೊಮ್ಮಗಳಿಗೆ ಇರಬೇಕೆಂದು ಅವಳು ಸಣ್ಣ ಅಳತೆಯವನ್ನು ತೆಗೆದಳು. ಅತ್ತೆ ನನ್ನ ಮುಂಗೈ ಹಿಡಿದು ಅವಳ ಮುಂದೆ ಚಾಚಿದರು. ಮುಸರತ್ ಗಾಬರಿಯಾಗಿ ಕೈ ಹಿಂದೆಗೆದುಕೊಂಡಳು. ನಾನೂ ಎಳೆದುಕೊಂಡೆ. ನಾಳೆ ಮಂದಿ ತನ್ನನ್ನೇ ಕೇಳುತ್ತಾರೆ ದೊಡ್ಡವ್ವಾ ಎಂದಳು ಅವಳು.

"ಒಡದಾಕೀನೂ ನಾನ, ಇಡಸಾಕೀನೂ ನಾನ" ಎಂದರು ಅತ್ತೆ. "ನನ್ನ ಮೊಮ್ಮಗಳು ಐದು ವರ್ಷಕ್ಕ ರಂಡಿ ಆಗೂದು ನನಗ ಬೇಕಾಗಿಲ್ಲ. ಇಡು."

ಆ ಮಾತು ಎಷ್ಟು ಕಠೋರವೋ ಅವರ ದನಿ ಅಷ್ಟೇ ಮೆತ್ತಗಿತ್ತು. ಮುಸರತ್ ಕಣ್ಣು ಒರೆಸಿಕೊಂಡು ಇಟ್ಟಳು. ನನ್ನ ಕೈ ಇಳಿದುಹೋಗಿದೆಯಂತೆ, ಮೊದಲಿನ ಅಳತೆ ಸಡಿಲಾಯಿತು. ಭೂಮಿಕಾ ಕೂಡಲೇ ತನ್ನ ಎರಡೂ ಕೈ ಚಾಚಿದಳು.

ನಾಳೆ ಬರುತ್ತೇನೆ. ಸಂತೋಷಕ್ಕಿಂತ ಹೆದರಿಕೆ ಹೆಚ್ಚಿದೆ. ವೇದಿಕೆಯ ಹತ್ತಿರವೇ ಇರಿ.

ರೋಹಿಣಿ

*

ಸಂಶಿ
21 ಆಗಸ್ಟ್ 2025

ರೋಹಿಣಿಯವರೇ,

ನಿನ್ನೆ ನಿಮ್ಮ ಜೊತೆ ನೆಟ್ಟಗೆ ಮಾತಾಡಲೂ ಆಗಲಿಲ್ಲ. ನೀವು ವೇದಿಕೆ ಹತ್ತುವಾಗ ನಡುಗುತ್ತಿದ್ದಿರಿ, ಕೆಳಗೆ ನಿಂತ ನಾನೂ ನಡುಗುತ್ತಿದ್ದೆ. ನಡುಗದವಳು ಭೂಮಿಕಾ ಒಬ್ಬಳೇ; ನಿಮ್ಮನ್ನು ಎಳೆದುಕೊಂಡೇ ಹೋದಳು.

ನಿಮಗೆ ಕಾಣದೇ ಇದ್ದದ್ದನ್ನು ಹೇಳಲು ಈ ಕಾಗದ. ನಿಮ್ಮ ವ್ಯಾನು ಬಂದ ಸ್ವಲ್ಪ ಹೊತ್ತಿಗೆ ಬಿಳಿ ಸೀರೆಯ ಒಬ್ಬ ಹಿರಿಯರು ಬಸ್ಸಿಳಿದು ಬಂದು ಗೇಟಿನ ಒಳಗೆ, ಎಲ್ಲರ ಹಿಂದೆ ನಿಂತರು. ಖುರ್ಚಿ ಕೊಟ್ಟರೆ ಒಲ್ಲೆ ಎಂದರು. ಯಾರೆಂದು ನನಗೆ ಹೇಳಬೇಕಾಗಲಿಲ್ಲ, ಮೂಗು ಭೂಮಿಕಾಳದೇ.

ನೀವು ನಡೆಯತೊಡಗಿದಾಗ ಹೆಂಗಸರಲ್ಲಿ ಗುಸುಗುಸು ಎದ್ದಿತು. ನಿಮ್ಮ ಊರಿನವರೇ ಇರಬೇಕು, ಒಬ್ಬರು, ಗಂಡ ಹೋಗಿ ಆರು ತಿಂಗಳಾಗಿಲ್ಲ, ಯಾವ ಧೈರ್ಯದ ಮೇಲೆ ಬಂದಳೋ ಎಂದರು. ನಾನು ಬಾಯಿ ತೆಗೆಯುವ ಮೊದಲೇ ಹಿಂದಿನಿಂದ ಉತ್ತರ ಬಂತು.

"ನನ್ನ ಧೈರ್ಯದ ಮ್ಯಾಲೆ. ಹೋದಾಂವ ನನ್ನ ಮಗ. ಕೇಳೂದಿದ್ರ ನನ್ನ ಕೇಳ್ರಿ, ಆಕಿಗೆ ಮಗಳ ಜೋಡಿ ನಡೀಲಿಕ್ಕೆ ಬಿಡ್ರಿ."

ಜೋರಾಗಿ ಹೇಳಲಿಲ್ಲ, ಆದರೆ ಗುಸುಗುಸು ಎಂದವರು ಸೆರಗು ಸರಿಪಡಿಸಿಕೊಂಡು ವೇದಿಕೆಯ ಕಡೆ ತಿರುಗಿದರು. ಸಂಗನಬಸವ ಸರ್ ಬಂದು ಅವರಿಗೆ ನಮಸ್ಕಾರ ಮಾಡಿದರು. ಫೋಟೋಕ್ಕೆ ಎಲ್ಲರನ್ನೂ ಕರೆಯುವಾಗ ನಾನು ಹುಡುಕಿದೆ, ಅಷ್ಟರಲ್ಲಿ ಹೊರಟುಬಿಟ್ಟಿದ್ದರು. ಸುರಕ್ಷಿತವಾಗಿ ಮನೆ ಮುಟ್ಟಿದರೇ?

ಶೈಲಾ

*

ಕುಬಿಹಾಳ
25 ಆಗಸ್ಟ್ 2025

ಟೀಚರ್ ಅವರಿಗೆ,

ಅತ್ತೆ ಅಲ್ಲಿಗೆ ಬಂದಿದ್ದರೆಂದು ನಿಮ್ಮ ಕಾಗದ ಓದುವ ತನಕ ನನಗೆ ಗೊತ್ತೇ ಇರಲಿಲ್ಲ. ನಾವು ಮನೆಗೆ ಬಂದಾಗ ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದರು, ಹೇಗಾಯಿತು ಎಂದು ನನ್ನನ್ನೇ ಕೇಳಿದರು. ನಾನು ಎಲ್ಲ ವರ್ಣಿಸಿ ಹೇಳಿದೆ. ಹೌದೇನು, ಹೌದೇನು ಎಂದು ಕೇಳಿಸಿಕೊಂಡರು.

ಎಲ್ಲ ಸುಸೂತ್ರವಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಶ್ರಾವಣದ ಕೊನೆಯ ಅರಿಶಿನ ಕುಂಕುಮಕ್ಕೆ ಬಾಜು ಮನೆಯವರು ಎಲ್ಲರನ್ನೂ ಕರೆದರು, ನಮ್ಮ ಬಾಗಿಲು ದಾಟಿ ಹೋದರು. ಮೈದುನ ಫೋನಿನಲ್ಲಿ ಕೂಗಾಡಿದ. ಅವನಿಗೆ ಗ್ರೂಪಿನಲ್ಲಿ ಫೋಟೋ ಬಂದಿತ್ತಂತೆ. ಅತ್ತೆ ಫೋನು ಕಿವಿಯಿಂದ ದೂರ ಹಿಡಿದು, ಅವನು ಮುಗಿಸಿದ ಮೇಲೆ ಊಟ ಮಾಡಿದೆಯಾ ಎಂದು ಕೇಳಿ ಇಟ್ಟರು.

ಆದರೆ ಅವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ಪಾತ್ರೆ ತಿಕ್ಕುತ್ತಿದ್ದೆ. ಬಳೆಯ ಸಪ್ಪಳ ಕೇಳಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಅಳುತ್ತಿದ್ದರು. ತೆಗೆದುಬಿಡಲೇ ಅತ್ತೆ ಎಂದೆ. ಬೇಡ ಎಂದು ತಲೆಯಾಡಿಸಿದರು.

"ಇಷ್ಟ ಸರಳ ಇತ್ತಂದ್ರ ನಾ ಯಾಕ ಹಂಗ ಕುಂತೆ?" ಎಂದರು.

ಕೈ ತೊಳೆದುಕೊಂಡು ಅವರ ಮಗ್ಗುಲಲ್ಲಿ ಕೂತೆ. ಅವರ ಮಗ ಹೋದ ಮೇಲೆ ಇಬ್ಬರೂ ಒಟ್ಟಿಗೆ ಅತ್ತದ್ದು ಅವತ್ತೇ.

ರೋಹಿಣಿ

*

ಸಂಶಿ
10 ಸೆಪ್ಟೆಂಬರ್ 2025

ರೋಹಿಣಿಯವರೇ,

ಇದನ್ನು ಕಳಿಸಲೋ ಬೇಡವೋ ಎಂದು ಹೊಯ್ದಾಡಿ ಕೊನೆಗೆ ಕಳಿಸುತ್ತಿದ್ದೇನೆ. ಸೆಪ್ಟೆಂಬರ್ 19ಕ್ಕೆ ಬಿಳಿ ದಿನ ಇದೆ. ಹೋದ ಸಲ ಮಕ್ಕಳು ಖುಷಿಪಟ್ಟರೆಂದು ಸರ್ ಈ ಸಲವೂ ಮನೆಯವರನ್ನು ಕರೆಯೋಣ ಎಂದಿದ್ದಾರೆ. ಸೂಚನೆಯನ್ನು ನಾನೇ ಹೊಸದಾಗಿ ಬರೆದೆ. ತಾಯಂದಿರು ಎಂದಿದ್ದ ಕಡೆ ಮನೆಯವರು ಯಾರಾದರೂ ಎಂದಿದೆ, ಬಣ್ಣ ಅವರವರ ಇಷ್ಟ ಎಂದಿದೆ. ಈ ಸಲ ಸರ್ ಎದುರು ಬಾಯಿ ತೆಗೆದೆ, ಅವರು ಒಪ್ಪಿದರು.

ಆದರೂ ಬಿಳಿ ಎಂಬ ಮಾತು ನಿಮ್ಮ ಮನೆಗೆ ಹೇಗೆ ತಾಕುತ್ತದೋ ಎಂಬ ಹೆದರಿಕೆ ನನಗಿದೆ. ಬರಲು ಆಗದಿದ್ದರೆ ಒಂದು ಸಾಲು ಸಾಕು. ಭೂಮಿಕಾಳ ಕೈ ನಾನು ಹಿಡಿದುಕೊಳ್ಳುತ್ತೇನೆ.

ನಿಮ್ಮ,
ಶೈಲಾ

*

ಕುಬಿಹಾಳ
12 ಸೆಪ್ಟೆಂಬರ್ 2025

ಅಕ್ಕೋರಿಗೆ ರೇವವ್ವನ ಶರಣು.

ನಾ ಹೇಳಾಕತ್ತೇನಿ, ಸೊಸಿ ಬರಿಯಾಕತ್ತಾಳ. ಹೇಳಿದಂಗ ಬರಿ, ತಿದ್ದಬ್ಯಾಡ ಅಂದೇನಿ.

ಮೊದಲ ನಿಮ್ಮನ್ನ ಎರಡ ಮಾತು ಬೈಬೇಕು. ಸಾಲ್ಯಾಗ ಅಕ್ಷರ ಕಲಸ್ರಿ. ತಿಂಗಳಿಗೊಂದು ಬಣ್ಣ ತಗದು ನಮ್ಮ ಟ್ರಂಕ್ ಯಾಕ ಜಾಡಸ್ತೀರಿ? ನೀವು ಹಸರ ಅಂತ ಕಾಗದ ಬರೀದಿದ್ರ ನಾವು ಹೆಂಗಿದ್ವಿ ಹಂಗ ಇರತಿದ್ವಿ. ಬೈದದ್ದು ಮುಗೀತು. ಹುಡುಗಿ ಏನಂದ್ಲು ಅನ್ನೂದನ್ನ ಮುಚ್ಚಿಡದ ಬರದ್ರಿ, ಅದು ಛಲೋ ಮಾಡಿದ್ರಿ.

ನಿಮ್ಮ ಬಿಳಿ ಕಾಗದ ಓದಿ ಈಕಿ ಅದನ್ನ ಮಡಚಿ ಡಬ್ಬಿ ಹಿಂದ ಇಟ್ಟಿದ್ಲು. ನನಗ ನೋವಾದೀತು ಅಂತ. ನಾ ತಗಿಸಿ ಓದಿಸೇನಿ. ನಮ್ಮ ಹೇಮಂತ ಸಣ್ಣಾಂವ ಇದ್ದಾಗ ಸಾಲಿ ಗ್ಯಾದರಿಂಗ್‌ನ್ಯಾಗ ಕುಣದಿದ್ದ. ಎಲ್ಲಾರ ಅವ್ವಗೋಳು ಹೋಗಿದ್ರು, ನಾ ಮನ್ಯಾಗಿದ್ದೆ. ಮನಿಗೆ ಬಂದು ನನ್ನ ಮುಂದ ಒಬ್ಬಾಂವನ ಮತ್ತ ಕುಣದು ತೋರಿಸಿದ. ನಾ ನೋಡಿದ್ದು ಅಷ್ಟ.

ಬಿಳಿ ದಿನಕ್ಕ ಈಕಿ ಬರೂದಿಲ್ಲ. ಈಕಿ ಹತ್ರ ಬಿಳಿ ಸೀರಿ ಇಲ್ಲ. ನಾ ಜೀವಂತ ಇರೂತನಕ ಈಕಿ ಸಲುವಾಗಿ ಈ ಮನಿಗೆ ಬಿಳಿ ಸೀರಿ ಬರೂದೂ ಇಲ್ಲ.

ನನ್ನ ಹತ್ರ ಬೇಕಾದಷ್ಟ ಅದಾವ. ಭೂಮಿ ಕೈ ಹಿಡಕೊಂಡು ನಾ ಬರ್ತೀನಿ. ಹಿಂದ ನಿಂತು ನಿಂತು ಸಾಕಾಗೇತಿ ಅಕ್ಕೋರ, ಫೋಟೋದಾಗ ಮುಂದ ನಿಲ್ಲಸ್ರಿ.

ಇಂತಿ,
ರೇವವ್ವ